ಶೆಡ್ಡು ಖಾಲಿಯಾಗುವುದಿಲ್ಲ

ಮನೆಯಿಂದ
ಮಾರ್ಚ್ ೧೪, ಭಾನುವಾರ

ಸಿಟ್ಟು ಮಾಡಿಕೊಂಡು ಅಕ್ಕನ ಮನೆ ಸೇರಿರುವ ನನ್ನ ಯಜಮಾನರಿಗೆ ನಮಸ್ಕಾರ.

ನಿಮ್ಮ ಕಾರ್ಡು ಬುಧವಾರ ತಲುಪಿತು. ಮೂರೇ ಸಾಲು. "ಶೆಡ್ಡು ಖಾಲಿಯಾದ ದಿನ ತಿಳಿಸು, ಬರುತ್ತೇನೆ. ಬಿ.ಪಿ. ಮಾತ್ರೆ ತಿಂಡಿಯಾದ ಮೇಲೆ, ಮೊದಲಲ್ಲ. ಇಲ್ಲಿ ಕ್ಷೇಮ." ಮನೆ ಬಿಟ್ಟು ನಾಲ್ಕು ತಿಂಗಳಾದ ಗಂಡ ಹೆಂಡತಿಗೆ ಬರೆಯುವುದು ಇಷ್ಟೇನಾ? ನಿಮ್ಮ ಔಷಧದಂಗಡಿಯಲ್ಲಿ ಕೆಮ್ಮಿನ ಔಷಧದ ಬಾಟಲಿಯ ಮೇಲೆ ನೀವು ಇದಕ್ಕಿಂತ ಹೆಚ್ಚು ಬರೆಯುತ್ತಿದ್ದಿರಿ.

ಎರಡನೆಯ ಸಾಲಿಗೆ ಉತ್ತರ ಮೊದಲು ಕೊಡುತ್ತೇನೆ. ಮಾತ್ರೆ ನುಂಗುತ್ತಿದ್ದೇನೆ, ತಿಂಡಿಯಾದ ಮೇಲೆಯೇ. ಮೊದಲನೆಯ ಸಾಲಿಗೆ ಉತ್ತರ: ಶೆಡ್ಡು ಖಾಲಿಯಾಗುವುದಿಲ್ಲ.

ಇಷ್ಟು ಬರೆದು ಅಂಟಿಸಿ ಡಬ್ಬಿಗೆ ಹಾಕಬಹುದಿತ್ತು. ಆದರೆ ನಾನು ಹಿಟ್ಟಿನ ಗಿರಣಿಯವನ ಮಗಳು. ಗಿರಣಿಯ ಮುಂದೆ ಚೀಲ ಇಟ್ಟುಕೊಂಡು ಸರದಿಗೆ ಕಾಯುವವರ ಕಥೆ ಕೇಳುತ್ತಲೇ ಬೆಳೆದವಳು. ಕಥೆಯನ್ನು ತುದಿಯಿಂದ ಹೇಳಿ ನನಗೆ ಅಭ್ಯಾಸವಿಲ್ಲ, ಬುಡದಿಂದಲೇ ಹೇಳಬೇಕು. ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಏಕೆಂದರೆ ಈ ಕಾಗದವನ್ನು ನಿಮಗಿಂತ ಮೊದಲು ನಿಮ್ಮ ಅಕ್ಕ ಓದುತ್ತಾರೆ ಎಂಬುದು ನನಗೆ ಗೊತ್ತು. (ಅಕ್ಕಾ, ನಮಸ್ಕಾರ. ಮಂಡಿನೋವು ಹೇಗಿದೆ? ತಮ್ಮನ ಬಾಯಿಂದ ನೀವು ಒಂದು ಕಥೆ ಕೇಳಿದ್ದೀರಿ. ಈಗ ಇನ್ನೊಂದು ಕೇಳಿ.)

ಒಂಬತ್ತು ವರ್ಷದ ಹಿಂದಿನ ಮಾತು. ಆಗ ನಾನಿನ್ನೂ ಶಾಲೆಯಲ್ಲಿ ಡ್ರಿಲ್ ಟೀಚರು. ಮೈದಾನದ ಹುಲ್ಲು ಕತ್ತರಿಸುವ ಮಶೀನು ಒಂದಿತ್ತು. ವರ್ಷಕ್ಕೆ ಎರಡು ದಿನ ಓಡುವುದು, ಉಳಿದ ದಿನ ಮೂಲೆಯಲ್ಲಿ ಕೂರುವುದು. ಹೆಡ್‌ಮಾಸ್ಟರು ಅದನ್ನು ಗುಜರಿಗೆ ಹಾಕಿಸಲು ಹೊರಟಾಗ, "ಸಾರ್, ಇದನ್ನ ನನಗೆ ಕೊಟ್ಟುಬಿಡಿ" ಅಂದೆ. "ಏನ್ ಮಾಡ್ತೀರಿ ಟೀಚರ್, ಇದರ ಮೇಲೆ ಕೂತ್ಕೊಂಡು ಶಾಲೆಗೆ ಬರ್ತೀರಾ?" ಅಂದರು. ಸ್ಟಾಫ್ ರೂಮೆಲ್ಲ ನಕ್ಕಿತು. ನಾನು ಆ ಮಶೀನನ್ನು ಎಲ್ಲರ ಎದುರಿಗೇ ಗೇಟಿನಿಂದಾಚೆ ತಳ್ಳಿಕೊಂಡು, ಮುಖ್ಯ ರಸ್ತೆಯಲ್ಲೇ ಮನೆಗೆ ತಂದೆ. ಆವತ್ತು ಬಾಗಿಲು ತೆಗೆದವರು ನೀವು. ಕನ್ನಡಕ ಮೂಗಿನ ತುದಿಗೆ ಇಳಿಸಿ ಕೇಳಿದಿರಿ, "ಇದಕ್ಕೆ ಊಟ ಏನು ಹಾಕಬೇಕು?"

ಆ ಒಂದು ಮಾತಿಗೆ ನಾನು ನಿಮ್ಮನ್ನು ಇನ್ನೂ ಹತ್ತು ವರ್ಷ ಸಹಿಸಿಕೊಳ್ಳಬಲ್ಲೆ ಅಂದುಕೊಂಡಿದ್ದೆ. ಒಂಬತ್ತಾಗಿದೆ.

ಅದು ಹಗ್ಗ ಎಳೆದರೆ ಮೂರು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಹಾಗಾಗಿ ಅದಕ್ಕೆ ಮೂಕ ಎಂದು ಹೆಸರಿಟ್ಟೆ. ಮೂಕನನ್ನು ಮಾತಾಡಿಸಬೇಕೆಂದು ಅದೇ ಕಂಪನಿಯ ಇನ್ನೊಂದು ಹಳೆಯ ಮಶೀನು ತಂದೆ, ಒಳಗೆ ಹೇಗಿರುತ್ತದೆಂದು ನೋಡಲು. ಹಿಡಿಕೆ ಬಗ್ಗಿದ್ದರಿಂದ ಅದು ಗೂನಿಯಾಯಿತು. ಗೂನಿಯಾದ ಮೇಲೆ ಬಡಾಯಿ ಬಂದಳು, ಸದ್ದೇ ಜಾಸ್ತಿ, ಕೆಲಸ ಕಡಿಮೆ. ಆಮೇಲೆ ಒಂದು ನೀರಿನ ಪಂಪು, ಒಂದು ಔಷಧ ಸಿಂಪಡಿಸುವ ಎಂಜಿನು. ಹೀಗೆ ಹನ್ನೊಂದಾದವು. ಕೆಲವರು ಸೀರೆ ಕೊಳ್ಳುತ್ತಾರೆ, ಕೆಲವರು ಬೆಕ್ಕು ಸಾಕುತ್ತಾರೆ. ನಾನು ಸತ್ತ ಎಂಜಿನು ತರುತ್ತೇನೆ. ಬಿಚ್ಚುತ್ತೇನೆ, ತೊಳೆಯುತ್ತೇನೆ, ಜೋಡಿಸುತ್ತೇನೆ, ಹಗ್ಗ ಎಳೆಯುತ್ತೇನೆ. ಹೊತ್ತಿಕೊಂಡರೆ ಮೈಯೆಲ್ಲ ಜುಮ್ಮೆನ್ನುತ್ತದೆ. ಇದರಿಂದ ಏನು ಲಾಭ ಎಂದು ನಿಮ್ಮ ಅಕ್ಕ ನನ್ನನ್ನು ಮೂರು ಮದುವೆ ಮನೆಗಳಲ್ಲಿ ಕೇಳಿದ್ದಾರೆ. ಮೂರು ಸಲವೂ ಊಟಕ್ಕೆ ಕೂತಾಗಲೇ ಕೇಳಿದ್ದಾರೆ. ಏನೂ ಇಲ್ಲ ಅಕ್ಕಾ. ಅದಕ್ಕೇ ಮಾಡುತ್ತೇನೆ.

ನಿಮ್ಮ ಕಡೆಯ ದೂರುಗಳನ್ನೂ ಮುಚ್ಚಿಡುವುದಿಲ್ಲ. ಹಾಲಿನ ಪಾತ್ರೆಯಲ್ಲಿ ಕಾರ್ಬುರೇಟರ್ ಕುದಿಸಿದ್ದು ನಿಜ. ತೊಳೆದಿದ್ದೆ, ಆದರೂ ನಿಜ. ನಿಮ್ಮ ಒಳ್ಳೆಯ ಟವೆಲ್ಲಿನಲ್ಲಿ ಪಿಸ್ಟನ್ ಸುತ್ತಿಟ್ಟಿದ್ದು ನಿಜ. ನಿಮ್ಮ ಗೆಳೆಯರು ಮನೆಗೆ ಬಂದಾಗ ಹಿತ್ತಲಿನಿಂದ ಬಡಾಯಿ ಹೊಗೆ ಕಾರಿ, ಅವರು ಬೆಂಕಿ ಬಿತ್ತೆಂದು ಚಹಾ ಬಿಟ್ಟು ಓಡಿದ್ದೂ ನಿಜ. ಇಷ್ಟಕ್ಕೂ ನೀವು ಒಮ್ಮೆಯೂ ಬೇಡ ಅನ್ನಲಿಲ್ಲ. "ಕೈ ತೊಳ್ಕೊಂಡು ಬಾ, ಊಟ ಆರ್ತಿದೆ" ಅನ್ನುತ್ತಿದ್ದಿರಿ ಅಷ್ಟೆ. ಅದನ್ನೂ ಬರೆದಿದ್ದೇನೆ. ನ್ಯಾಯ ನ್ಯಾಯವೇ.

ಈಗ ಅಸಲು ವಿಷಯಕ್ಕೆ ಬರುತ್ತೇನೆ.

ಎಂಜಿನು ಬಿಚ್ಚುವುದಕ್ಕೆ ನನ್ನದೊಂದು ಕ್ರಮವಿದೆ, ಅಪ್ಪ ಕಲಿಸಿದ್ದು. ಯಾವ ತೂತಿನಿಂದ ಯಾವ ಸ್ಕ್ರೂ ಬಂತೋ ಅದು ಅದೇ ತೂತಿಗೆ ಹೋಗಬೇಕು. ಹಾಗಾಗಿ ಬಿಚ್ಚಿದ್ದನ್ನೆಲ್ಲ ಮೊಟ್ಟೆಯ ಟ್ರೇಯಲ್ಲಿ ಸಾಲಾಗಿ ಇಡುತ್ತಾ ಹೋಗುತ್ತೇನೆ. ಮೊದಲು ಬಿಚ್ಚಿದ್ದು ಮೊದಲ ಗುಳಿಯಲ್ಲಿ, ಆಮೇಲಿನದು ಎರಡನೆಯದರಲ್ಲಿ. ಜೋಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬಂದರಾಯಿತು. ಬರೆದಿಡುವ ಅಗತ್ಯವೇ ಇಲ್ಲ, ಟ್ರೇಯೇ ನನ್ನ ಪುಸ್ತಕ. ಕಳೆದ ನವೆಂಬರಿನಲ್ಲಿ ಮಗಳ ಮನೆಯಲ್ಲಿ ಮಗುವಿಗೆ ಜ್ವರ ಎಂದು ಐದು ದಿನ ಹೋದೆನಲ್ಲ, ಆಗ ಶೆಡ್ಡಿನಲ್ಲಿ ಏಳು ಎಂಜಿನು ಬಿಚ್ಚಿಟ್ಟಿದ್ದೆ. ಏಳು ಟ್ರೇ.

ವಾಪಸ್ಸು ಬಂದಾಗ ನೀವು ಗೇಟಿನ ಹತ್ತಿರವೇ ನಿಂತಿದ್ದಿರಿ. ಒಗೆದ ಅಂಗಿ, ಬಾಚಿದ ತಲೆ. "ಕಣ್ಣು ಮುಚ್ಕೋ" ಅಂದಿರಿ. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ನನಗೆ ಹಾಗೆ ಹೇಳಿದ್ದು ಅದೇ ಮೊದಲು. ಕೈ ಹಿಡಿದು ಶೆಡ್ಡಿಗೆ ಕರೆದುಕೊಂಡು ಹೋದಿರಿ. "ಈಗ ತೆಗಿ."

ತೆಗೆದೆ.

ನೆಲ ತೊಳೆದಿತ್ತು. ಗೋಡೆಗೆ ಹೊಸ ಹಲಗೆ ಬಡಿದಿತ್ತು. ಹಲಗೆಯ ಮೇಲೆ ನಿಮ್ಮ ಔಷಧದಂಗಡಿಯ ಕಾಲದ ಗಾಜಿನ ಬಾಟಲಿಗಳು, ಇಪ್ಪತ್ತಾರು. ಪ್ರತಿಯೊಂದರ ಮೇಲೂ ನಿಮ್ಮ ಮುತ್ತಿನಂಥ ಅಕ್ಷರದ ಚೀಟಿ. ಸ್ಕ್ರೂ, ಚಿಕ್ಕದು. ಸ್ಕ್ರೂ, ಮಧ್ಯಮ. ಬೋಲ್ಟು, ಉದ್ದ. ವಾಷರು, ದಪ್ಪ. ಏಳು ಎಂಜಿನ್ನಿನ ಸ್ಕ್ರೂಗಳನ್ನೆಲ್ಲ ಒಟ್ಟು ಸುರಿದು, ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ಉಜ್ಜಿ, ಅಳೆದು, ಬೇರೆ ಮಾಡಿ, ತುಂಬಿಸಿಟ್ಟಿದ್ದಿರಿ. ಏಳು ಟ್ರೇಗಳೂ ಖಾಲಿಯಾಗಿ ಒಂದರ ಮೇಲೊಂದು ಕೂತಿದ್ದವು.

"ಹೇಗಿದೆ?" ಅಂದಿರಿ.

ಆಗ ನಾನು ಏನೋ ಒಂದು ಮಾತು ಅಂದೆ. ನೀವು ಸಂಜೆಯ ಬಸ್ಸಿಗೆ ಹೊರಟಿರಿ.

ಮಗಳು ಅವತ್ತಿನಿಂದ ವಾರಕ್ಕೆರಡು ಸಲ ಫೋನು ಮಾಡುತ್ತಾಳೆ. "ಏನಮ್ಮಾ ಇದು, ಅಪ್ಪ ಅಲ್ಲಿ, ನೀನು ಇಲ್ಲಿ, ಮಧ್ಯೆ ನಾನೇನು ಪೋಸ್ಟ್‌ಮ್ಯಾನಾ? ಆ ಗುಜರಿ ಎಲ್ಲ ಬೀಗದ ಅಂಕಲ್‌ಗೆ ಕೊಟ್ಬಿಡು. ಅವರು ಒಂದೇ ಸಲಕ್ಕೆ ತಗೊಂಡು ಹೋಗ್ತಾರಂತೆ, ನಾನು ಮಾತಾಡಿದೀನಿ." ನನಗೆ ಗೊತ್ತಿಲ್ಲದೆ ಅವಳು ಮಾತಾಡಿಯೂ ಆಗಿತ್ತು! ಬೀಗ ರಿಪೇರಿಯವರು ಒಂದು ದಿನ ಗೂಡ್ಸ್ ಗಾಡಿ ತಂದು ಗೇಟಿನ ಮುಂದೆ ನಿಲ್ಲಿಸಿಯೇಬಿಟ್ಟರು. ಅವರಿಗೂ ನನ್ನದೇ ಹುಚ್ಚು, ಅವರ ಮನೆಯಲ್ಲೂ ಎಂಟು ಎಂಜಿನಿವೆ. ನಾನು ಶೆಡ್ಡಿನ ಬಾಗಿಲಿಗೆ ಅಡ್ಡ ಸ್ಟೂಲು ಹಾಕಿಕೊಂಡು ಕೂತೆ.

"ಮೇಡಂ, ಮಗಳು ಹೇಳಿದ್ಲು..."

"ಮಗಳು ಅವಳ ಮನೆಯ ಫ್ರಿಜ್ಜು ಕೊಡ್ತಾಳೆ, ಹೋಗಿ ತಗೊಳ್ಳಿ."

"ಯಜಮಾನ್ರು ಬರ್ಬೇಕಲ್ವಾ ಮೇಡಂ? ಮನುಷ್ಯ ಮುಖ್ಯನೋ, ಮಶೀನು ಮುಖ್ಯನೋ?"

"ನಿಮ್ಮ ಹೆಂಡತಿ ಬಂದು ಇದೇ ಮಾತು ಕೇಳಿದ್ರೆ ನೀವೇನು ಹೇಳ್ತೀರಿ?"

ಅವರು ತಲೆ ಕೆರೆದುಕೊಂಡರು. "ಅವಳು ಕೇಳಲ್ಲ ಮೇಡಂ. ಉತ್ತರ ಗೊತ್ತಿದೆ ಅವಳಿಗೆ" ಅಂದರು. ಆಮೇಲೆ ಬಂದದ್ದಕ್ಕೆ ಒಂದು ಲೋಟ ಚಹಾ ಕುಡಿದು, ಖಾಲಿ ಗಾಡಿ ತೆಗೆದುಕೊಂಡು ಹೋದರು.

ಮನುಷ್ಯ ಮುಖ್ಯವೋ ಮಶೀನು ಮುಖ್ಯವೋ ಎಂಬ ಈ ಪ್ರಶ್ನೆಯೇ ನನಗೆ ಹಿಡಿಸುವುದಿಲ್ಲ. ನೀವು ವಾರಕ್ಕೆ ಮೂರು ಸಂಜೆ ಚದುರಂಗಕ್ಕೆ ಹೋಗುತ್ತಿದ್ದಿರಿ. ನಾನೋ ಕುದುರೆಯೋ ಎಂದು ನಾನು ಯಾವತ್ತಾದರೂ ಕೇಳಿದೆನಾ?

ಅಂದಿನಿಂದ ಹಠ ಹಿಡಿದು ಕೂತೆ. ಏಳಕ್ಕೆ ಏಳನ್ನೂ ಜೋಡಿಸಿಯೇ ತೀರುತ್ತೇನೆ ಎಂದು. ನಿಮ್ಮ ಬಾಟಲಿಯಿಂದ ಒಂದೊಂದೇ ಸ್ಕ್ರೂ ತೆಗೆದು ಭೂತಗನ್ನಡಿಯಲ್ಲಿ ನೋಡುವುದು. ತಲೆಯ ಅಡಿಯಲ್ಲಿ ಹಸಿರು ಬಣ್ಣದ ಚೂರು ಅಂಟಿದ್ದರೆ ಬಡಾಯಿಯದು. ಮೈಗೆ ಹೊಗೆಯ ಕಪ್ಪು ಹಿಡಿದಿದ್ದರೆ ಸೈಲೆನ್ಸರಿನದು. ನೀವು ಚೆನ್ನಾಗಿ ಉಜ್ಜಿಬಿಟ್ಟಿದ್ದಿರಲ್ಲ, ಅರ್ಧಕ್ಕರ್ಧ ಗುರುತೇ ಉಳಿದಿರಲಿಲ್ಲ. ಅವಕ್ಕೆ ತೂತಿನೊಳಗೆ ಬೆಂಕಿಕಡ್ಡಿ ಇಳಿಸಿ ಆಳ ನೋಡುವುದು, ಅಷ್ಟು ಉದ್ದದ್ದನ್ನು ಹುಡುಕುವುದು, ಹಾಕುವುದು, ತೆಗೆಯುವುದು. ನೀರಿನ ಪಂಪಿಗೇ ಹದಿನೆಂಟು ದಿನ ಹಿಡಿಯಿತು. ಬೆನ್ನು ಹಿಡಿದುಕೊಂಡಿತು. ಕಣ್ಣಿಗೆ ನೀರು ಬರುತ್ತಿತ್ತು, ಅದು ಸೀಮೆಎಣ್ಣೆಯದು. ಆ ದಿನಗಳಲ್ಲಿ ನಿಮ್ಮನ್ನು ಎಷ್ಟು ಬೈದಿದ್ದೇನೆಂದರೆ, ನೀವು ಊಟಕ್ಕೆ ಕೂತಾಗೆಲ್ಲ ಬಿಕ್ಕಳಿಕೆ ಬಂದಿರಬೇಕು.

ಫೆಬ್ರವರಿ ಹೊತ್ತಿಗೆ ಆರು ಓಡಿದವು. ಉಳಿದವನು ಮೂಕ.

ಮೂಕನ ಕಾರ್ಬುರೇಟರನ್ನು, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗವನ್ನು, ಎಂಜಿನ್ನಿಗೆ ಹಿಡಿದಿಡುವುದು ಎರಡೇ ಎರಡು ಬೋಲ್ಟು. ಗೂನಿಗೂ ಅಷ್ಟೇ, ಎರಡೂ ಒಂದೇ ಕಂಪನಿಯವಲ್ಲವೇ. ಅಂದರೆ ಆ ಜಾತಿಯ ನಾಲ್ಕು ಬೋಲ್ಟು ಒಂದೇ ಬಾಟಲಿಯಲ್ಲಿ ಇರಬೇಕಿತ್ತು. ನಿಮ್ಮ 'ಬೋಲ್ಟು, ಮಧ್ಯಮ' ಬಾಟಲಿಯಲ್ಲಿ ಇದ್ದದ್ದು ಮೂರೇ; ಗೂನಿಗೆ ಎರಡು ಹೋದ ಮೇಲೆ ಉಳಿದದ್ದು ಒಂದು. ನಾಲ್ಕನೆಯದಕ್ಕೆ ಎರಡು ದಿನ ನೆಲವೆಲ್ಲ ತಡಕಿದೆ. ಯಜಮಾನರು ಗುಡಿಸಿ ಎಸೆದಿದ್ದಾರೆ ಎಂದು ಹಲ್ಲು ಕಡಿದೆ. ಕೊನೆಗೆ ಅದು ಸಿಕ್ಕಿದ್ದು 'ಬೋಲ್ಟು, ಉದ್ದ' ಎಂಬ ಬಾಟಲಿಯಲ್ಲಿ. ನೀವು ತಪ್ಪು ಮಾಡಿದಿರಿ ಎಂದು ಖುಷಿಯಾಯಿತು. ಅಳೆದು ನೋಡಿದೆ. ನೀವು ತಪ್ಪು ಮಾಡಿರಲಿಲ್ಲ. ಅದು ನಿಜವಾಗಿಯೂ ಉದ್ದವಿತ್ತು, ಒಂದು ಅಕ್ಕಿಕಾಳಿನಷ್ಟು.

ತೂತಿಗೆ ಬೆಂಕಿಕಡ್ಡಿ ಇಳಿಸಿದೆ. ತೂತಿನ ಆಳ ಬೋಲ್ಟಿಗಿಂತ ಕಡಿಮೆ.

ಅಕ್ಕನಿಗೆ ಅರ್ಥವಾಗುವಂತೆ ಹೇಳುತ್ತೇನೆ. ಆ ಬೋಲ್ಟು ತಿರುಗಿಸಿದರೆ ತೂತಿನ ತಳಕ್ಕೆ ಹೋಗಿ ಗಟ್ಟಿಯಾಗಿ ನಿಲ್ಲುತ್ತದೆ. ಬಿಗಿಯಾಯಿತು ಎಂದು ಕೈಗೆ ಅನಿಸುತ್ತದೆ. ಆದರೆ ಬೋಲ್ಟಿನ ತಲೆ ಕಾರ್ಬುರೇಟರನ್ನು ಒತ್ತಿಯೇ ಇರುವುದಿಲ್ಲ. ಸಂದಿನಲ್ಲಿ ಗಾಳಿ ನುಗ್ಗುತ್ತದೆ. ಗಾಳಿ ಹೆಚ್ಚಾದರೆ ಎಂಜಿನು ಮೂರು ಸಲ ಕೆಮ್ಮಿ ಆರಿಹೋಗುತ್ತದೆ. ಶಾಲೆಯಲ್ಲಿದ್ದಾಗ ಯಾರೋ ಒಬ್ಬ ಮೆಕ್ಯಾನಿಕ್ ಕೈಗೆ ಸಿಕ್ಕ ಬೋಲ್ಟು ತುರುಕಿದ್ದಾನೆ. ನಾನು ಒಂಬತ್ತು ವರ್ಷ, ಹದಿನಾಲ್ಕು ಸಲ ಆ ಕಾರ್ಬುರೇಟರ್ ಬಿಚ್ಚಿದ್ದೇನೆ. ಹದಿನಾಲ್ಕು ಸಲವೂ ಆ ತಪ್ಪು ಬೋಲ್ಟನ್ನು ಭಕ್ತಿಯಿಂದ ಟ್ರೇಯ ಅದೇ ಗುಳಿಯಲ್ಲಿಟ್ಟು, ಭಕ್ತಿಯಿಂದ ಅದೇ ತೂತಿಗೆ ಹಾಕಿದ್ದೇನೆ. ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು ಎಂದು ಕಲಿತವಳಲ್ಲವೇ ನಾನು. ಅದು ಅಲ್ಲಿಯದೇ ಅಲ್ಲ ಎಂದು ನನಗೆ ಹೊಳೆಯುವ ದಾರಿಯೇ ಇರಲಿಲ್ಲ. ಏಳು ಎಂಜಿನ್ನನ್ನು ಒಟ್ಟಿಗೆ ಸುರಿದು ಅಳೆದವರಿಗೆ ಮಾತ್ರ ಅದು ಸಿಕ್ಕೀತು.

ಇದನ್ನು ಬರೆಯದೆ ಇದ್ದುಬಿಡೋಣ ಎಂದು ನಾಲ್ಕು ವಾರ ಯೋಚಿಸಿದೆ. ಬರೆದಿದ್ದೇನೆ. ಬೀಗಬೇಡಿ.

ಗರಗಸದಲ್ಲಿ ಬೋಲ್ಟಿನ ತುದಿ ಕತ್ತರಿಸಿ, ಅರದಿಂದ ಉಜ್ಜಿ ಹಾಕಿದೆ. ಹಗ್ಗ ಎಳೆದೆ. ಮೂರು ಸಲ ಕೆಮ್ಮಿತು. ಇನ್ನೊಮ್ಮೆ ಎಳೆದೆ. ಹೊತ್ತಿಕೊಂಡಿತು ನೋಡಿ! ಮಧ್ಯಾಹ್ನ ಹನ್ನೆರಡರ ಬಿಸಿಲು. ಅಕ್ಕಪಕ್ಕದವರು ಕಿಟಕಿಯಿಂದ ಇಣುಕಿದರು. ನಾನು ಅಡುಗೆಮನೆಯ ಕಡೆ ತಿರುಗಿ "ರೀ, ಬನ್ನಿ ಇಲ್ಲಿ!" ಎಂದು ಕೂಗಿದೆ. ಕೂಗಿದ ಮೇಲೆ ನೆನಪಾಯಿತು. ಎಂಜಿನು ಆರಿಸಲು ಮನಸ್ಸಾಗಲಿಲ್ಲ. ಟ್ಯಾಂಕಿನ ಪೆಟ್ರೋಲು ಮುಗಿಯುವವರೆಗೂ ಪಕ್ಕದಲ್ಲೇ ನಿಂತಿದ್ದೆ.

ಈಗ ಆ ಮಾತಿನ ವಿಷಯ. 'ಏನೋ ಒಂದು ಮಾತು' ಎಂದು ಮೇಲೆ ಬರೆದೆನಲ್ಲ, ಅದನ್ನು ನೀವು ನಿಮ್ಮ ಅಕ್ಕನಿಗೂ ಹೇಳಿಲ್ಲವಂತೆ, ಮಗಳು ಅಂದಳು. ಅದು ನಿಮ್ಮ ದೊಡ್ಡತನ. ನಾನೇ ಹೇಳುತ್ತೇನೆ. ಅಕ್ಕಾ, ನಾನು ನಿಮ್ಮ ತಮ್ಮನಿಗೆ ಅಂದದ್ದು ಇದು: "ಜೀವಮಾನವೆಲ್ಲ ಬಾಟ್ಲಿಗೆ ಚೀಟಿ ಅಂಟಿಸಿದ್ದೇ ಬಂತು. ನಿಮ್ಮ ಕೈಯಿಂದ ಒಂದಕ್ಕಾದರೂ ಜೀವ ಬಂದಿದೆಯಾ?"

ಅವರು ಕನ್ನಡಕ ತೆಗೆದರು. ಅಂಗಿಯ ಅಂಚಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡರು. "ಇಲ್ಲ" ಅಂದರು. ಒಳಗೆ ಹೋಗಿ ಚೀಲ ತುಂಬಿಕೊಂಡರು.

ಕಾಂಪೌಂಡರಿಗೆ ಹೇಳುವ ಮಾತಲ್ಲ ಅದು. ನಿಮ್ಮ ಅಂಗಡಿಯ ಕಟ್ಟೆಯ ಮುಂದೆ ಸೊಂಟದ ಮೇಲೆ ಮಗು ಎತ್ತಿಕೊಂಡು ಎಷ್ಟು ಜನ ತಾಯಂದಿರು ನಿಂತಿರುತ್ತಿದ್ದರು, ನಾನು ಕಂಡಿಲ್ಲವೇ? ನಮ್ಮ ಮಗಳಿಗೇ ಆ ವರ್ಷ ವಿಷಮಜ್ವರ ಬಂದಾಗ ಗಂಟೆಗೊಮ್ಮೆ ಹನಿ ಎಣಿಸಿ ಕುಡಿಸಿದ ಕೈ ಯಾವುದು? ಆ ಮಾತನ್ನು ನಾನು ವಾಪಸ್ಸು ತೆಗೆದುಕೊಳ್ಳುತ್ತಿದ್ದೇನೆ. ಪೂರ್ತಿಯಾಗಿ. ತಪ್ಪಾಯಿತು.

ಮಾತು ವಾಪಸ್ಸು ತೆಗೆದುಕೊಂಡೆ ಎಂದರೆ ಮಶೀನೂ ತೆಗೆಯುತ್ತೇನೆ ಎಂದು ಲೆಕ್ಕ ಹಾಕಬೇಡಿ. ಎರಡೂ ಬೇರೆ ಬೇರೆ. ತಪ್ಪು ಮಾತಾಡಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಎಂಜಿನು ಬಿಚ್ಚುವುದಕ್ಕೆ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಅರವತ್ತಾಯಿತು ನನಗೆ. ಮೂವತ್ತು ವರ್ಷ ಬೇರೆಯವರ ಮಕ್ಕಳಿಗೆ "ಎಡ, ಬಲ, ಎಡ" ಎಂದು ಸೀಟಿ ಊದಿದ್ದೇನೆ. ಇನ್ನು ನನ್ನ ಕಾಲು ನನಗೆ ಇಷ್ಟ ಬಂದ ಕಡೆ ಹೋಗುತ್ತದೆ. ಅದು ಶೆಡ್ಡಿನ ಕಡೆ ಹೋಗುತ್ತದೆ.

ಹಾಗಾಗಿ ನೀವು ಬರುವ ಮನೆ ಹೇಗಿದೆ ಎಂದು ಮೊದಲೇ ತಿಳಿಸಿಬಿಡುತ್ತೇನೆ, ಆಮೇಲೆ ಮೋಸ ಅನ್ನಬಾರದು. ಹನ್ನೊಂದಿದ್ದ ಎಂಜಿನು ಈಗ ಹದಿಮೂರಾಗಿವೆ. ಶೆಡ್ಡಿನಲ್ಲಿ ಜಾಗವಿಲ್ಲದೆ ಒಂದು ನಡುಮನೆಯಲ್ಲಿದೆ, ನಿಮ್ಮ ಓದುವ ಕುರ್ಚಿಯ ಪಕ್ಕ. ಕುರ್ಚಿ ಮುಟ್ಟಿಲ್ಲ. ಕಾರ್ಬುರೇಟರ್ ಕುದಿಸಲು ಬೇರೆ ಪಾತ್ರೆ ತಂದಿದ್ದೇನೆ. ಹಿಡಿಕೆಗೆ ಕೆಂಪು ದಾರ ಕಟ್ಟಿದ್ದೇನೆ, ಅದರಲ್ಲಿ ಹಾಲು ಕಾಯಿಸಬೇಡಿ. ಸರಿಯಾದ ಅಳತೆಯ ಸ್ಕ್ರೂ ಯಾವುದು ಎಂದು ಹೇಳಲು ನನಗೊಬ್ಬರು ಬೇಕು. ಆದರೆ ಟ್ರೇಗೆ ಕೈ ಹಾಕುವ ಮುನ್ನ ನನ್ನನ್ನು ಕೇಳಬೇಕು. ಕೇಳದೆ ಒಂದು ವಾಷರು ಮುಟ್ಟಿದರೂ ಮತ್ತೆ ಜಗಳವಾಗುತ್ತದೆ. ಆಗ ಜಗಳ ಮನೆಯೊಳಗೇ ಆಗಲಿ. ಬಸ್ಸು ಹತ್ತುವ ಚಾಳಿ ಬೇಡ.

ಇದಕ್ಕೆ ಒಪ್ಪಿಗೆಯಿದ್ದರೆ ಬನ್ನಿ. ಇಲ್ಲದಿದ್ದರೆ ಅಲ್ಲೇ ಇರಿ. ನಾನಾಗಿ ಕರೆಯಲು ಬರುವವಳಲ್ಲ. ನಿಮ್ಮ ಅಕ್ಕನ ಬೀದಿಗೆ ಕಾಲಿಡುವುದಿಲ್ಲ ಎಂದು ಮಗಳಿಗೂ ಖಡಾಖಂಡಿತವಾಗಿ ಹೇಳಿದ್ದೇನೆ.

ಇಂತಿ,
ನಾಲ್ಕು ತಿಂಗಳ ನಂತರವೂ
ನಿಮ್ಮ ಹೆಂಡತಿ

ತಾ.ಕ.: ಕೊನೆಯ ಸಾಲು ಸುಳ್ಳು. ನಿಮ್ಮ ಅಕ್ಕನ ಮನೆಯ ಎದುರಿನ ಪಾರ್ಕಿನಲ್ಲಿ ಕಳೆದ ನಾಲ್ಕು ಗುರುವಾರಗಳಿಂದ ಹುಲ್ಲು ಕತ್ತರಿಸುತ್ತಿರುವುದು ನಾನೇ, ಬೀಗದವರ ಗೂಡ್ಸ್ ಗಾಡಿಯಲ್ಲಿ ಮೂಕನನ್ನು ಹೇರಿಕೊಂಡು ಬಂದು. ಮೊದಲ ವಾರ ಮಂಡಿಯುದ್ದ ಹುಲ್ಲಿತ್ತು. ಈಗ ಕತ್ತರಿಸಲು ಅಲ್ಲಿ ಏನೂ ಉಳಿದಿಲ್ಲ, ಸುಮ್ಮನೆ ಸದ್ದು ಮಾಡಿಕೊಂಡು ಆ ಕಡೆಯಿಂದ ಈ ಕಡೆ ಓಡಾಡುತ್ತೇನೆ. ಕಾವಲುಗಾರ ನನಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದಾನೆ. ಮೊದಲೆರಡು ವಾರ ನೀವು ಮಹಡಿಯ ಕಿಟಕಿಯನ್ನು ಧಡಾರೆಂದು ಮುಚ್ಚಿದಿರಿ. ಮೂರನೆಯ ವಾರ ಮುಚ್ಚಲಿಲ್ಲ. ಕಳೆದ ವಾರ ಕಂಬಿ ಹಿಡಿದು ನಿಂತುಕೊಂಡು, ನಾನು ಮುಗಿಸುವವರೆಗೂ ನೋಡಿದಿರಿ. ತಲೆಗೆ ಟೋಪಿ, ಮುಖಕ್ಕೆ ಬಟ್ಟೆ ಇತ್ತು. ಗುರುತು ಸಿಕ್ಕಿತೋ ಇಲ್ಲವೋ, ಆ ದೂರದಿಂದ ನನಗೆ ತಿಳಿಯಲಿಲ್ಲ. ಈ ಗುರುವಾರವೂ ಹತ್ತು ಗಂಟೆಗೆ ಬರುತ್ತೇನೆ. ಕೆಳಗಿಳಿದು ಬಂದರೆ ನಾನೇನೂ ಎಂಜಿನು ಆರಿಸುವುದಿಲ್ಲ. ಹೇಳುವುದಿದ್ದರೆ ಹತ್ತಿರ ಬಂದು ಜೋರಾಗಿ ಹೇಳಿ.